ಲೆಕ್ಕದ ಹಾಳೆಯಲ್ಲಿ ಇಲ್ಲದ ಸಾಲು

ಶನಿವಾರ ಬೆಳಿಗ್ಗೆ ಆರೂಮುಕ್ಕಾಲಕ್ಕೆ ಠಾಣೆ ಸ್ಟೇಷನ್ನಿನಿಂದ ಹೊರಡುವ ಲೋಕಲ್‌ನಲ್ಲಿ ಕಿಟಕಿ ಪಕ್ಕದ ಸೀಟು ಸಿಗುತ್ತದೆ ಎನ್ನುವುದು ನನಗೆ ಗೊತ್ತಾದದ್ದು ಮೂವತ್ತೇಳನೇ ವಯಸ್ಸಿನಲ್ಲಿ. ಮುಂಬಯಿಗೆ ಬಂದು ಹದಿಮೂರು ವರ್ಷವಾಗಿತ್ತು. ಅಷ್ಟೂ ವರ್ಷ ನನ್ನ ಶನಿವಾರ ಶುರುವಾಗುತ್ತಿದ್ದದ್ದು ಎಂಟೂವರೆಗೆ, ಕಾಫಿ ಮತ್ತು ಹಿಂದಿನ ರಾತ್ರಿ ಉಳಿದ ಆಫೀಸಿನ ಮೇಲ್‌ಗಳ ಜೊತೆಗೆ. ಆಮೇಲೆ ಎರಡು ವರ್ಷ, ಪರೀಕ್ಷೆಯ ರಜೆ ಬಿಟ್ಟರೆ, ಪ್ರತಿ ಶನಿವಾರ ಮತ್ತು ಭಾನುವಾರ ಆ ಕಿಟಕಿ ಪಕ್ಕ ಕುಳಿತು ದಾದರ್‌ಗೆ ಹೋಗಿ, ಅಲ್ಲಿ ಸೇತುವೆ ಹತ್ತಿಳಿದು ಪಶ್ಚಿಮ ರೈಲ್ವೆಯ ಗಾಡಿ ಹಿಡಿದು, ಒಂಬತ್ತಕ್ಕೆ ಕ್ಲಾಸಿನಲ್ಲಿರುತ್ತಿದ್ದೆ. ಕೆಲಸ ಬಿಡದೆ ಮಾಡುವ ಎಕ್ಸಿಕ್ಯೂಟಿವ್ ಎಂಬಿಎ. ಅದು ಮುಗಿದು ಈಗ ಕೆಲವು ತಿಂಗಳಾಯಿತು. ನಮ್ಮವರು, ಅದರಲ್ಲೂ ಐರೋಲಿ, ಹಿಂಜೆವಾಡಿ, ಗಚ್ಚಿಬೌಲಿ ಕಡೆಯ ಹುಡುಗರು, 'ಮಾಡಬಹುದಾ ಅಣ್ಣ?' ಎಂದು ಕೇಳುತ್ತಲೇ ಇರುತ್ತಾರೆ. ಫೋನಿನಲ್ಲಿ ಹೇಳಿ ಮುಗಿಯದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಯಾಕೆ ಸೇರಿದೆ ಎನ್ನುವುದನ್ನು ಮುಚ್ಚಿಡಬಾರದು. ಒಂದು ಮೀಟಿಂಗು. ಗ್ರಾಹಕ ಕಂಪನಿಯ ಹಣಕಾಸು ಮುಖ್ಯಸ್ಥ, 'ಈ ಪ್ರಾಜೆಕ್ಟನ್ನು ಎರಡು ತ್ರೈಮಾಸಿಕ ಮುಂದೂಡಿದರೆ ನಮ್ಮ ವರ್ಕಿಂಗ್ ಕ್ಯಾಪಿಟಲ್ ಮೇಲೆ ಏನು ಪರಿಣಾಮ?' ಎಂದು ಕೇಳಿದ. ಡೆಲಿವರಿ ಮ್ಯಾನೇಜರ್ ನಾನೇ ಆದ್ದರಿಂದ ಎಲ್ಲರೂ ನನ್ನ ಮುಖ ನೋಡಿದರು. ನಾನು ಎಂಸಿಎ ಮಾಡಿದವನು. ಡೇಟಾಬೇಸ್ ಯಾಕೆ ನಿಧಾನವಾಗಿದೆ ಎಂದು ಕೇಳಿದ್ದರೆ ಅರ್ಧ ಗಂಟೆ ಮಾತಾಡುತ್ತಿದ್ದೆ. ಉತ್ತರ ಕೊಟ್ಟದ್ದು ನನ್ನ ಪಕ್ಕ ಕುಳಿತಿದ್ದ, ನನಗಿಂತ ಎಂಟು ವರ್ಷ ಚಿಕ್ಕವನಾದ ಹುಡುಗ. ಅವತ್ತು ರಾತ್ರಿ ಮನೆಗೆ ಬಂದು ಕಾಲೇಜುಗಳ ಪುಟ ತೆರೆದು ಕುಳಿತೆ. ಜ್ಞಾನದ ಹಸಿವು ಎಂದು ಇಂಟರ್‌ವ್ಯೂನಲ್ಲಿ ಹೇಳಿದ್ದು ಹೌದು. ಅರ್ಧಕ್ಕರ್ಧ ಹೊಟ್ಟೆಕಿಚ್ಚು.

ಹುಡುಕಲು ಹೊರಟವರಿಗೆ ಮೊದಲ ಗೊಂದಲ ಹೆಸರಿನದ್ದೇ. 'ಎಕ್ಸಿಕ್ಯೂಟಿವ್' ಎಂಬ ಒಂದೇ ಬೋರ್ಡಿನ ಕೆಳಗೆ ನಮ್ಮ ದೇಶದಲ್ಲಿ ಮೂರು ನಾಲ್ಕು ಬೇರೆ ಬೇರೆ ಸಾಮಾನು ಮಾರಾಟಕ್ಕಿವೆ. ಕೆಲಸ ಬಿಟ್ಟು ಒಂದು ವರ್ಷ ಕ್ಯಾಂಪಸ್ಸಿನಲ್ಲೇ ಇದ್ದು ಓದುವುದು ಒಂದು ಬಗೆ. ಅಹಮದಾಬಾದ್ ಐಐಎಂನ ಪಿಜಿಪಿಎಕ್ಸ್, ಬೆಂಗಳೂರು ಐಐಎಂನ ಇಪಿಜಿಪಿ ಅಂಥವು. ಕೆಲಸದಲ್ಲಿದ್ದುಕೊಂಡೇ ವಾರಾಂತ್ಯಕ್ಕೆ ಅಥವಾ ತಿಂಗಳಿಗೆ ಕೆಲವು ದಿನ ಹೋಗಿ ಎರಡು ವರ್ಷದಲ್ಲಿ ಮುಗಿಸುವುದು ಇನ್ನೊಂದು. ಬೆಂಗಳೂರಿನ ಪಿಜಿಪಿಇಎಂ ಈ ಬಗೆಯದು, ನಾನು ಮಾಡಿದ್ದೂ ಇದೇ ಬಗೆಯದನ್ನು. ಮೂರನೆಯದು ಕೆಲವು ತಿಂಗಳ ಆನ್‌ಲೈನ್ ಕೋರ್ಸು. ಕೊನೆಗೆ ಸಿಗುವುದು ಒಂದು ಸರ್ಟಿಫಿಕೇಟು. ಇದನ್ನು ಮಾರುವವರು ಫೋನ್ ಮಾಡಿದಾಗ ಸಂಸ್ಥೆಯ ಹೆಸರನ್ನು ಗಟ್ಟಿಯಾಗಿ ಹೇಳುತ್ತಾರೆ, 'ಸರ್ಟಿಫಿಕೇಟು' ಎನ್ನುವುದನ್ನು ಮೆಲ್ಲಗೆ ಹೇಳುತ್ತಾರೆ. ನನಗೆ ಒಂದೇ ವಾರದಲ್ಲಿ ಇಂಥ ಹನ್ನೊಂದು ಕರೆ ಬಂದಿದ್ದವು. ಒಬ್ಬಳಂತೂ 'ಸರ್, ಇವತ್ತು ಸಂಜೆ ಆರಕ್ಕೆ ಸ್ಕಾಲರ್‌ಶಿಪ್ ಮುಗಿಯುತ್ತದೆ' ಎಂದು ಮೂರು ದಿನ ಸಂಜೆ ಆರಕ್ಕೆ ಮೊದಲು ಫೋನ್ ಮಾಡಿದಳು.

ಡಿಗ್ರಿಯೋ ಡಿಪ್ಲೊಮಾವೋ ಎಂಬ ಪ್ರಶ್ನೆಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಐಐಎಂಗಳೇ ದಶಕಗಳ ಕಾಲ ಡಿಪ್ಲೊಮಾ ಕೊಟ್ಟವು. 2017ರ ಐಐಎಂ ಕಾಯ್ದೆ 2018ರ ಜನವರಿ 31ರಂದು ಜಾರಿಗೆ ಬಂದ ಮೇಲಷ್ಟೇ ಅವುಗಳಿಗೆ ಪದವಿ ಕೊಡುವ ಅಧಿಕಾರ ಸಿಕ್ಕಿತು. ಆದರೆ ಡಿಪ್ಲೊಮಾಕ್ಕೂ ಸರ್ಟಿಫಿಕೇಟಿಗೂ ನಡುವಿನ ವ್ಯತ್ಯಾಸ ದೊಡ್ಡದು. ದುಡ್ಡು ಕಟ್ಟುವ ಮೊದಲು ಕೊನೆಯಲ್ಲಿ ಕೈಗೆ ಬರುವ ಕಾಗದದಲ್ಲಿ ಏನು ಬರೆದಿರುತ್ತದೆ ಎಂದು ಮೇಲ್‌ನಲ್ಲಿ ಕೇಳಿ. ಫೋನಿನಲ್ಲಿ ಕೇಳಬೇಡಿ.

ಪ್ರವೇಶ ಪರೀಕ್ಷೆ ಕಷ್ಟ ಎನ್ನುವುದಕ್ಕಿಂತ ಅವಮಾನಕರ. ಹತ್ತನೇ ಕ್ಲಾಸಿನ ಅನುಪಾತ, ನಲ್ಲಿ ತುಂಬುವ ತೊಟ್ಟಿ, ಎದುರು ಬದುರು ಬರುವ ರೈಲು. ಒಂದು ಕಾಲದಲ್ಲಿ ಬಾಯಲ್ಲೇ ಮಾಡುತ್ತಿದ್ದ ಲೆಕ್ಕಕ್ಕೆ ಈಗ ಕಾಗದ ಬೇಕು. ಮೂರು ತಿಂಗಳು ಬೆಳಿಗ್ಗೆ ಐದಕ್ಕೆ ಎದ್ದೆ. ಆಫೀಸಿನ ನಿರಾಕ್ಷೇಪಣಾ ಪತ್ರಕ್ಕೆ ಸಹಿ ಹಾಕುತ್ತಾ ಮ್ಯಾನೇಜರ್, 'ಓದು, ಒಳ್ಳೆಯದೇ. ರಿಲೀಸ್ ಇರುವ ವಾರ ಮಾತ್ರ ಕ್ಲಾಸು ಅಂತ ಹೇಳಬೇಡ' ಎಂದ. ನಮ್ಮಲ್ಲಿ ರಿಲೀಸ್ ನಡೆಯುವುದೇ ಶನಿವಾರ ರಾತ್ರಿ. ಫೀಸು ಹದಿನೆಂಟು ಲಕ್ಷ, ಎರಡು ಕಂತು. ಕಂಪನಿ ಒಂದು ಪೈಸೆ ಕೊಡಲಿಲ್ಲ. ಕೊಟ್ಟಿದ್ದರೆ ಎರಡು ವರ್ಷ ಬಿಟ್ಟು ಹೋಗುವ ಹಾಗಿಲ್ಲ ಎಂಬ ಬಾಂಡು ಬರೆಸಿಕೊಳ್ಳುತ್ತಿದ್ದರು. ಹಾಗಾಗಿ ಬೇಸರವಾಗಲಿಲ್ಲ. ಶಿಕ್ಷಣ ಸಾಲ ತೆಗೆದೆ. ಅದರ ಬಡ್ಡಿಗೆ 80ಇ ಅಡಿಯಲ್ಲಿ ಎಂಟು ವರ್ಷದವರೆಗೆ ತೆರಿಗೆ ವಿನಾಯಿತಿ ಉಂಟು ಎಂದು ಖುಷಿಪಟ್ಟಿದ್ದೆ. ಆದರೆ ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಅದು ಸಿಗುವುದಿಲ್ಲ. ನನಗೆ ಎರಡನ್ನೂ ಹಾಕಿ ನೋಡಿದಾಗ ಹೊಸದೇ ಲಾಭ ಎಂದಾಯಿತು, ಬಡ್ಡಿಯ ಲಾಭ ಹೋಯಿತು. ಸಾಲ ತೆಗೆಯುವವರು ಇದನ್ನು ಮೊದಲೇ ಕೂಡಿಸಿ ನೋಡುವುದು ಒಳ್ಳೆಯದು.

ಕ್ಲಾಸಿನಲ್ಲಿ ಐವತ್ತು ಜನ. ತುರ್ಭೆಯ ಔಷಧ ಕಂಪನಿಯ ಗುಣಮಟ್ಟ ವಿಭಾಗದವನು, ನೌಕಾಪಡೆಯಿಂದ ನಿವೃತ್ತಿಗೆ ಎರಡು ವರ್ಷವಿದ್ದ ಕಮಾಂಡರ್, ಅಪ್ಪನ ಉಕ್ಕಿನ ಅಂಗಡಿಯನ್ನು ನೋಡಿಕೊಳ್ಳುತ್ತಿದ್ದ ಮಾರವಾಡಿ ಹುಡುಗ, ಇಬ್ಬರು ಡಾಕ್ಟರುಗಳು, ಮತ್ತು ನಮ್ಮಂಥ ಸಾಫ್ಟ್‌ವೇರಿನವರು ಒಂದು ಡಜನ್. ಅನುಭವಸ್ಥರಿಗಾಗಿ ಇಂಥ ಕ್ಲಾಸು ಶುರುವಾದದ್ದು 1943ರಲ್ಲಿ, ಶಿಕಾಗೋ ವಿಶ್ವವಿದ್ಯಾನಿಲಯದಲ್ಲಿ. ಆಗ ಎರಡನೇ ಮಹಾಯುದ್ಧ ನಡೆಯುತ್ತಿತ್ತು. ಮೊದಲ ದಿನ ಈ ವಿಷಯ ಹೇಳಿದ ಪ್ರೊಫೆಸರು, 'ಆದ್ದರಿಂದ ಆಫೀಸಿನಲ್ಲಿ ಕೆಲಸ ಜಾಸ್ತಿ ಎಂಬ ನೆಪ ಇಲ್ಲಿ ನಡೆಯುವುದಿಲ್ಲ' ಎಂದರು. ಎಲ್ಲರೂ ನಕ್ಕೆವು. ಎರಡನೇ ತಿಂಗಳಿಗೆ ಎಲ್ಲರೂ ಅದೇ ನೆಪ ಹೇಳುತ್ತಿದ್ದೆವು.

ಸಾಫ್ಟ್‌ವೇರಿನವರಿಗೆ ಕೇಸ್ ಪದ್ಧತಿ ಮೊದಮೊದಲು ಹಿಂಸೆ. ಒಂದು ಕಂಪನಿಯ ಕಥೆಯನ್ನು ಇಪ್ಪತ್ತು ಪುಟದಲ್ಲಿ ಕೊಟ್ಟು, 'ನೀವು ಇವನ ಜಾಗದಲ್ಲಿದ್ದರೆ ಏನು ಮಾಡುತ್ತೀರಿ?' ಎನ್ನುತ್ತಾರೆ. ಒಂದೂವರೆ ಗಂಟೆ ಜಗಳವಾದ ಮೇಲೆ ಸರಿಯಾದ ಉತ್ತರ ಹೇಳದೆ ಮೇಷ್ಟ್ರು ಎದ್ದು ಹೋಗುತ್ತಾರೆ. ಕಂಪೈಲ್ ಆಗದ ಕೋಡನ್ನು ಹಾಗೇ ಬಿಟ್ಟು ಮನೆಗೆ ಹೋದ ಹಾಗೆ ನನಗೆ ತಳಮಳ. ನಮ್ಮ ಊರಿನದ್ದೇ ಕೇಸುಗಳಿದ್ದ ದಿನ ಮಾತ್ರ ಜೀವ ಬರುತ್ತಿತ್ತು. ಮುಂಬಯಿಯ ಡಬ್ಬಾವಾಲಾಗಳ ಬಗ್ಗೆ ಹಾರ್ವರ್ಡಿನವರು 2010ರಲ್ಲಿ ಬರೆದ ಕೇಸು, ಮದುರೈಯ ಅರವಿಂದ ಕಣ್ಣಾಸ್ಪತ್ರೆಯ ಬಗ್ಗೆ ಅವರೇ ತೊಂಬತ್ತರ ದಶಕದಲ್ಲಿ ಬರೆದದ್ದು. ಡಬ್ಬಿಯ ಮುಚ್ಚಳದ ಮೇಲಿನ ಬಣ್ಣ, ಅಂಕಿ, ಅಕ್ಷರಗಳಲ್ಲೇ ವಿಳಾಸವೆಲ್ಲ ಅಡಗಿರುವುದನ್ನು ಬೋರ್ಡಿನ ಮೇಲೆ ಬಿಡಿಸುವಾಗ, ಇದೇ ಡಬ್ಬಿಗಳ ಪೆಟ್ಟಿಗೆ ತಾಗಿ ಲೋಕಲ್‌ನಲ್ಲಿ ಎಷ್ಟು ಸಲ ಬೈದುಕೊಂಡಿದ್ದೆ ಎಂದು ನೆನಪಾಯಿತು.

ಆದರೆ ಕಲಿತದ್ದು ಸೋಮವಾರವೇ ಕೆಲಸಕ್ಕೆ ಬಂದ ಒಂದು ವಿಷಯ ಹೇಳಬೇಕು, ಯಾಕೆಂದರೆ ಕೆಲಸ ಬಿಡದೆ ಓದುವುದರ ನಿಜವಾದ ಲಾಭ ಅಲ್ಲಿದೆ. ಲಿಟಲ್ ಎಂಬವರ ನಿಯಮ ಎಂದು ಒಂದಿದೆ. ಜಾನ್ ಲಿಟಲ್ ಎನ್ನುವವರು 1961ರಲ್ಲಿ ಸಾಧಿಸಿ ತೋರಿಸಿದ್ದು. ಒಂದು ವ್ಯವಸ್ಥೆಯೊಳಗೆ ಇರುವವರ ಸಂಖ್ಯೆ ಎಂದರೆ, ಅವರು ಬರುವ ವೇಗ ಗುಣಿಸು ಒಬ್ಬೊಬ್ಬರು ಒಳಗೆ ಕಳೆಯುವ ಸಮಯ. ಇಷ್ಟೇ. ನಮ್ಮ ತಂಡದಲ್ಲಿ ಗ್ರಾಹಕರ ದೂರುಗಳ ಟಿಕೆಟ್ಟು ಯಾವತ್ತೂ ಸುಮಾರು 180 ಬಾಕಿ ಇರುತ್ತಿದ್ದವು. ದಿನಕ್ಕೆ ಹನ್ನೆರಡು ಬರುತ್ತಿದ್ದವು, ಹನ್ನೆರಡು ಮುಗಿಯುತ್ತಿದ್ದವು. ಅಂದರೆ ಒಂದೊಂದು ದೂರು ನಮ್ಮಲ್ಲಿ ಹದಿನೈದು ದಿನ ಕೊಳೆಯುತ್ತಿತ್ತು. ಇನ್ನೂ ಮೂರು ಜನ ಬೇಕು ಎಂದು ನಾನು ಬೇಡಿಕೆಯ ಪತ್ರ ತಯಾರು ಮಾಡಿ ಇಟ್ಟಿದ್ದೆ. ಆ ಭಾನುವಾರದ ಕ್ಲಾಸಿನ ನಂತರ ಸೋಮವಾರ ಕುಳಿತು ಒಂದೊಂದನ್ನೇ ತೆರೆದು ನೋಡಿದರೆ, 180ರಲ್ಲಿ ಎಪ್ಪತ್ತು ನಮ್ಮ ಹತ್ತಿರ ಇರಲೇ ಇಲ್ಲ. ಗ್ರಾಹಕ ಉತ್ತರ ಕೊಡಲಿ ಎಂದು ಕಾದು ಕುಳಿತಿದ್ದವು. ಮೂರು ದಿನದಲ್ಲಿ ಉತ್ತರ ಬಾರದಿದ್ದರೆ ಮುಚ್ಚುವುದು, ಉತ್ತರ ಬಂದಾಗ ಮತ್ತೆ ತೆರೆಯುವುದು ಎಂಬ ನಿಯಮ ಮಾಡಿದೆವು. ಬಾಕಿ 110ಕ್ಕೆ ಇಳಿಯಿತು, ಸಮಯ ಒಂಬತ್ತು ದಿನದ ಆಸುಪಾಸಿಗೆ ಬಂತು. ಬೇಡಿಕೆಯ ಪತ್ರ ಹಾಗೇ ಉಳಿಯಿತು.

ಇದನ್ನು ಬಹಳ ಹೆಮ್ಮೆಯಿಂದ ಭಾಂಡೂಪಿನ ನನ್ನ ಸೋದರಮಾವನಿಗೆ ಹೇಳಿದೆ. ಮಾವ 1971ರಲ್ಲಿ, ಹದಿನಾಲ್ಕನೇ ವಯಸ್ಸಿನಲ್ಲಿ, ಕಾರ್ಕಳದ ಹತ್ತಿರದ ನಮ್ಮೂರಿನಿಂದ ಮುಂಬಯಿಗೆ ಬಂದು ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಲೋಟ ತೊಳೆದವರು. ಆಮೇಲೆ ಸಪ್ಲೈಯರ್, ಆಮೇಲೆ ಗಲ್ಲೆ, ಕೊನೆಗೆ ಸ್ವಂತ ಕ್ಯಾಂಟೀನು. ಕೇಳಿಸಿಕೊಂಡು ನಕ್ಕರು. ನಾವು ಮಾತಾಡುವುದು ತುಳುವಿನಲ್ಲಿ. ಅವರು ಹೇಳಿದ್ದನ್ನು ಇಲ್ಲಿ ಕನ್ನಡ ಮಾಡಿ ಕೊಡುತ್ತೇನೆ. 'ಇದಕ್ಕೆ ಹದಿನೆಂಟು ಲಕ್ಷ ಕೊಟ್ಟೆಯಾ ಮಾರಾಯ? ನಮ್ಮ ಹೋಟೆಲಿನಲ್ಲಿ 48 ಸೀಟು. ಒಂದು ಗಿರಾಕಿ ಇಪ್ಪತ್ತು ನಿಮಿಷ ಕೂತರೆ ಗಂಟೆಗೆ 144 ಜನ. ಹದಿನೈದು ನಿಮಿಷದಲ್ಲಿ ಎಬ್ಬಿಸಿದರೆ 192. ಹಾಗಾಗಿ ತಿಂಡಿ ಇಡುವಾಗಲೇ ಬಿಲ್ಲೂ ಇಡುವುದು. ನೀರು ಎರಡನೇ ಸಲ ಕೇಳಿದರೆ ಮಾತ್ರ.' ಲೆಕ್ಕ ಸರಿಯಿತ್ತು. ನಾನು ಮನೆಗೆ ಬಂದು ಇನ್ನೊಮ್ಮೆ ಗುಣಿಸಿ ನೋಡಿದೆ.

'ನಿನ್ನ ಶಾಲೆ ಎಷ್ಟು ಗಂಟೆಗೆ?' ಎಂದು ಮಾವ ಕೇಳಿದ್ದು ಅದೇ ದಿನ. ಶಾಲೆ ಎಂದೇ ಅವರು ಹೇಳುವುದು. ಅವರೂ ಕೆಲಸ ಮಾಡುತ್ತಲೇ ಓದಿದವರು. ಕರಾವಳಿಯಿಂದ ಹೋಟೆಲ್ ಕೆಲಸಕ್ಕೆ ಬಂದ ಹುಡುಗರಿಗಾಗಿ ಮೊಗವೀರರ, ಬಿಲ್ಲವರ, ಬಂಟರ ಸಂಸ್ಥೆಗಳು ಈ ನಗರದಲ್ಲಿ ಕನ್ನಡ ರಾತ್ರಿ ಶಾಲೆಗಳನ್ನು ನಡೆಸಿದ್ದು ಈ ಪತ್ರಿಕೆಯ ಹಿರಿಯ ಓದುಗರಿಗೆ ಹೊಸದಾಗಿ ಹೇಳಬೇಕಿಲ್ಲ. ನಿಮ್ಮಲ್ಲಿ ಕೆಲವರು ಅಲ್ಲಿ ಕುಳಿತು ಓದಿದವರೇ ಇರಬಹುದು. ಮಾವ ಸಂಜೆ ಆರೂವರೆಗೆ ಏಪ್ರನ್ ಕಳಚಿ ಹೋಗುತ್ತಿದ್ದರಂತೆ, ಒಂಬತ್ತೂವರೆಗೆ ಬಂದು ಪಾತ್ರೆಗೆ ಕೂರುತ್ತಿದ್ದರಂತೆ. ಗಣಿತದಲ್ಲಿ ಒಮ್ಮೆ ಡುಮ್ಕಿ, ಎರಡನೇ ಸಲಕ್ಕೆ ಎಸ್ಸೆಸ್ಸಿ ಪಾಸು. ಈ ಕಥೆಯನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಅದರಲ್ಲಿ ಒಂದು ಭಾಗ ಬಿಟ್ಟು ಹೋಗಿದೆ ಎಂದು ಗೊತ್ತಾದದ್ದು ಆಮೇಲೆ.

ಅದಕ್ಕೆ ಮೊದಲು ನಮ್ಮ ಮನೆಯ ವಿಷಯ ಹೇಳಬೇಕು.

ಎರಡನೇ ಟರ್ಮಿನಲ್ಲಿ ಹಣಕಾಸು ಶುರುವಾಯಿತು. ಇವತ್ತಿನ ನೂರು ರೂಪಾಯಿ ಮತ್ತು ಹತ್ತು ವರ್ಷದ ನಂತರದ ನೂರು ರೂಪಾಯಿ ಒಂದೇ ಅಲ್ಲ, ಮುಂದೆ ಬರುವ ದುಡ್ಡನ್ನೆಲ್ಲ ಇವತ್ತಿನ ಬೆಲೆಗೆ ಇಳಿಸಿ, ಅದರಿಂದ ಹಾಕಿದ ಬಂಡವಾಳವನ್ನು ಕಳೆದು ನೋಡಬೇಕು ಎನ್ನುವ ಲೆಕ್ಕ. ಎನ್‌ಪಿವಿ ಎನ್ನುತ್ತಾರೆ. ಉತ್ತರ ಸೊನ್ನೆಗಿಂತ ಮೇಲಿದ್ದರೆ ಕೈ ಹಾಕಬಹುದು, ಕೆಳಗಿದ್ದರೆ ಬಿಡಬೇಕು. 'ನಿಮಗೆ ಚೆನ್ನಾಗಿ ಗೊತ್ತಿರುವ ಯಾವುದಾದರೂ ಹೂಡಿಕೆಗೆ ಮಾಡಿ ತನ್ನಿ' ಎಂದರು ಪ್ರೊಫೆಸರು. ನಾನು ಈ ಕೋರ್ಸಿಗೇ ಮಾಡಿದೆ. ಫೀಸು ಈಗ ಒಂಬತ್ತು ಲಕ್ಷ, ವರ್ಷ ಬಿಟ್ಟು ಒಂಬತ್ತು ಲಕ್ಷ. ಕೋರ್ಸು ಮುಗಿದ ಮೇಲೆ ಹತ್ತು ವರ್ಷ, ವರ್ಷಕ್ಕೆ ತೆರಿಗೆ ಕಳೆದು ನಾಲ್ಕು ಲಕ್ಷ ಹೆಚ್ಚು ಸಂಬಳ. ಬಡ್ಡಿ ದರ ಶೇಕಡಾ ಹತ್ತು. ಉತ್ತರ: ಮೂರು ಲಕ್ಷದ ಹದಿಮೂರು ಸಾವಿರ ಲಾಭ. ಸಂಬಳದ ಏರಿಕೆ ನಾಲ್ಕರ ಬದಲು ಮೂರೇ ಲಕ್ಷವಾದರೆ ಸುಮಾರು ಎರಡು ಲಕ್ಷ ನಷ್ಟ. ಇಷ್ಟು ಕಿರಿದಾದ ಅಂಚಿನ ಮೇಲೆ ನಿಂತಿದ್ದೇನೆ ಎಂದು ನನಗೆ ಅವತ್ತೇ ತಿಳಿದದ್ದು. ಆದರೂ ಹಾಳೆ ಅಂದವಾಗಿತ್ತು. ಬಣ್ಣ ಹಾಕಿದ ಕೋಷ್ಟಕ, ಕೆಳಗೆ ಷರತ್ತುಗಳು. ಊಟವಾದ ಮೇಲೆ ಹೆಂಡತಿಗೆ ತೋರಿಸಿದೆ. ಅವಳು ಬ್ಯಾಂಕಿನಲ್ಲಿ ಸಾಲದ ವಿಭಾಗದ ಅಧಿಕಾರಿ. ಇಂಥ ಹಾಳೆಗಳನ್ನು ಅವಳು ದಿನಕ್ಕೆ ನಾಲ್ಕು ನೋಡುತ್ತಾಳೆ.

ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗೆ ಓದಿದಳು. 'ಸೂತ್ರ ಸರಿ ಉಂಟು' ಎಂದಳು. ಆಮೇಲೆ, 'ಇದರಲ್ಲಿ ನನ್ನ ಸಾಲು ಎಲ್ಲುಂಟು?' ಎಂದಳು.

ನನಗೆ ಅರ್ಥವಾಗಲಿಲ್ಲ. ಅವಳು ಎದ್ದು ಹೋಗಿ ಕಪಾಟಿನ ಮೇಲಿನ ತಟ್ಟಿನಿಂದ ಮೂರು ಪುಸ್ತಕ ತೆಗೆದು ತಂದು ಮೇಜಿನ ಮೇಲಿಟ್ಟಳು. ಸಿಎಐಐಬಿ ಪರೀಕ್ಷೆಯ ಪುಸ್ತಕಗಳು. ಬ್ಯಾಂಕಿನವರು ಮೊದಲು ಜೆಎಐಐಬಿ, ಆಮೇಲೆ ಸಿಎಐಐಬಿ ಬರೆಯುತ್ತಾರೆ. ಪಾಸಾದರೆ ಸಂಬಳದಲ್ಲಿ ಇನ್‌ಕ್ರಿಮೆಂಟು ಸೇರುತ್ತದೆ, ಬಡ್ತಿಯ ಹೊತ್ತಿಗೂ ಲೆಕ್ಕಕ್ಕೆ ಬರುತ್ತದೆ. ವರ್ಷಕ್ಕೆ ಎರಡು ಸಲ ಪರೀಕ್ಷೆ, ಐದು ಪತ್ರಿಕೆ. ನಾನು ಪ್ರವೇಶ ಪರೀಕ್ಷೆಗೆ ಬೆಳಿಗ್ಗೆ ಐದಕ್ಕೆ ಏಳಲು ಶುರು ಮಾಡಿದ ತಿಂಗಳೇ ಅವಳೂ ಈ ಪುಸ್ತಕಗಳನ್ನು ಕೊಂಡಿದ್ದಳು. ಆಮೇಲೆ ಬೆಳಗಿನ ಹೊತ್ತು ನನ್ನದಾಯಿತು, ಮಗನನ್ನು ಎಬ್ಬಿಸಿ ಶಾಲೆಗೆ ಕಳಿಸುವುದು ಅವಳದ್ದಾಯಿತು. ಶನಿವಾರ ಭಾನುವಾರ ನಾನು ಕ್ಲಾಸಿಗೆ ಹೋದೆ. ಅವಳು ಮಗನ ಈಜು, ಚಿತ್ರಕಲೆ, ಗ್ಯಾಸು, ದಿನಸಿ, ಅತ್ತೆಯ ಬಿಪಿ ಮಾತ್ರೆ ಎಂದು ಓಡಾಡಿದಳು. ಬೆನ್ನು ಬೆನ್ನಿಗೆ ಎರಡು ಸಲ ಪರೀಕ್ಷೆಯ ಅರ್ಜಿಯ ಕೊನೆಯ ದಿನ ಕಳೆದುಹೋಗಿತ್ತು. ಒಂದು ಸಲವೂ ನನಗೆ ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

ಅರ್ಥಶಾಸ್ತ್ರದ ಮೊದಲ ತರಗತಿಯಲ್ಲೇ ಅವಕಾಶ ವೆಚ್ಚ ಎಂಬುದನ್ನು ಹೇಳಿಕೊಟ್ಟಿದ್ದರು. ಒಂದನ್ನು ಆರಿಸಿಕೊಂಡಾಗ ಕೈಬಿಟ್ಟು ಹೋದ ಇನ್ನೊಂದರ ಬೆಲೆ. ಆ ಪಾಠಕ್ಕೆ ನನಗೆ ಒಳ್ಳೆಯ ಅಂಕ ಬಂದಿತ್ತು. ನಾನು ಹಾಳೆಯಲ್ಲಿ ಅವಕಾಶ ವೆಚ್ಚ ಎಂಬ ಒಂದು ಸಾಲನ್ನು ಹಾಕಿಯೂ ಇದ್ದೆ: ಫೀಸಿನ ದುಡ್ಡನ್ನು ಮ್ಯೂಚುವಲ್ ಫಂಡಿನಲ್ಲಿ ಹಾಕಿದ್ದರೆ ಎಷ್ಟಾಗುತ್ತಿತ್ತು ಎಂದು.

ಅವತ್ತು ಜಗಳವೇನೂ ಆಗಲಿಲ್ಲ. ಆಗಿದ್ದರೆ ಸುಲಭವಿತ್ತು. ಅವಳು ಮಲಗಲು ಹೋದಳು. ನಾನು ಹಾಳೆಯಲ್ಲಿ ಅವಳ ಇನ್‌ಕ್ರಿಮೆಂಟನ್ನು ಒಂದೂವರೆ ವರ್ಷ ಮುಂದೂಡಿ, ನಿವೃತ್ತಿಯವರೆಗೆ ಅದರ ಪರಿಣಾಮ ಹಾಕಿ, ಹಿಂದಕ್ಕೆ ಇಳಿಸಿದೆ. ಮೂರು ಲಕ್ಷದ ಲಾಭದಲ್ಲಿ ದೊಡ್ಡ ತುಂಡು ಹೋಯಿತು. ಬಡ್ತಿ ತಪ್ಪಿದ್ದರೆ ಎಂದು ಹಾಕಿ ನೋಡುವ ಧೈರ್ಯ ಬರಲಿಲ್ಲ.

ಮುಂದಿನ ಭಾನುವಾರ ಕ್ಲಾಸು ಬೇಗ ಬಿಟ್ಟಿತು. ಮನೆಗೆ ಹೋಗದೆ ಭಾಂಡೂಪಿನಲ್ಲಿ ಇಳಿದೆ. ಮಾವನಿಗೆ ಇದನ್ನೆಲ್ಲ ಹೇಳಬೇಕೆಂದು ಹೋದವನಲ್ಲ, ಆದರೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ನಾನು ಶಾಲೆಗೆ ಹೋಗುತ್ತಿದ್ದಾಗ ನನ್ನ ಟೇಬಲ್ ಯಾರು ನೋಡಿಕೊಳ್ಳುತ್ತಿದ್ದದ್ದು ಅಂತ ನೀನು ಯಾವತ್ತೂ ಕೇಳಲಿಲ್ಲ' ಎಂದರು. ಸಂಜೆ ಆರೂವರೆಯಿಂದ ಒಂಬತ್ತೂವರೆ ಎಂದರೆ ಹೋಟೆಲಿನಲ್ಲಿ ಉಸಿರಾಡಲು ಪುರಸೊತ್ತಿಲ್ಲದ ಹೊತ್ತು. ಊರಿನ ಪಕ್ಕದ ಮನೆಯ ಹುಡುಗ, ಮಾವನಿಗಿಂತ ಒಂದು ವರ್ಷ ಚಿಕ್ಕವನು, ತನ್ನ ಟೇಬಲ್ಲಿನ ಜೊತೆಗೆ ಇವರದ್ದನ್ನೂ ನೋಡಿಕೊಂಡ. ನಾಲ್ಕು ವರ್ಷ. ಮಾವ ತನ್ನ ಟಿಪ್ಸಿನಲ್ಲಿ ಅರ್ಧ ಅವನಿಗೆ ಕೊಡುತ್ತಿದ್ದರು. 'ಅವನಿಗೂ ಓದಬೇಕು ಅಂತ ಇತ್ತು. ನಾನು ಮುಗಿಸಿದ ಮೇಲೆ ಅವನು ಹೋಗುವುದು ಅಂತ ಮಾತಾಗಿತ್ತು. ನಾನು ಮುಗಿಸುವಾಗ ಅವನಿಗೆ ಹದಿನೆಂಟು ದಾಟಿತ್ತು. ಮನೆಗೆ ದುಡ್ಡು ಕಳಿಸಬೇಕಿತ್ತು. ಹೋಗಲಿಲ್ಲ.' ಕ್ಯಾಂಟೀನು ಮಾಡಿದಾಗ ಮಾವ ಅವನನ್ನು ಪಾಲುದಾರ ಮಾಡಿಕೊಂಡರು. ನಾವು ಮಕ್ಕಳು ಅವರನ್ನು ಕ್ಯಾಂಟೀನಿನ ಮಾಮ ಎನ್ನುತ್ತಿದ್ದೆವು. ಅವರು ಕೊನೆಯವರೆಗೂ ಸಹಿ ಮಾತ್ರ ಹಾಕುತ್ತಿದ್ದರು, ಲೆಕ್ಕದ ಪುಸ್ತಕ ಮಾವನೇ ಬರೆಯುತ್ತಿದ್ದರು. ಅದು ಯಾಕೆ ಎಂದು ನನಗೆ ಗೊತ್ತಿರಲಿಲ್ಲ.

'ಪಾಲು ಕೊಟ್ಟೆ, ಸರಿ ಆಯಿತಲ್ಲ ಅಂದುಕೊಂಡಿದ್ದೆ,' ಎಂದರು ಮಾವ. ಮುಂದೆ ಹೇಳಲಿಲ್ಲ. ಚಾ ತರಲು ಎದ್ದರು.

ಮೂರನೇ ಟರ್ಮಿನಿಂದ ನಮ್ಮ ಮನೆಯ ವೇಳಾಪಟ್ಟಿ ಬದಲಾಯಿತು. ಇದು ನಾನು ದೊಡ್ಡ ಮನಸ್ಸು ಮಾಡಿ ಬದಲಿಸಿದ್ದಲ್ಲ. ಅವಳು ಬ್ಯಾಂಕಿನವಳು, ಬಾಯಿಮಾತನ್ನು ನಂಬುವುದಿಲ್ಲ. ಫ್ರಿಜ್ಜಿನ ಬಾಗಿಲ ಮೇಲೆ ಬರೆದು ಅಂಟಿಸಿದಳು. ಬೆಳಿಗ್ಗೆ ಐದರಿಂದ ಏಳು ಅವಳದ್ದು. ಆ ಹೊತ್ತಿನಲ್ಲಿ ಮಗ, ಟಿಫಿನ್ನು, ಹಾಲು ನನ್ನದು. ನನ್ನ ಓದು ರಾತ್ರಿ ಹತ್ತರ ಮೇಲೆ. ಭಾನುವಾರ ಸಂಜೆಯ ಗುಂಪು ಅಸೈನ್‌ಮೆಂಟಿನ ಕರೆಗಳಿಗೆ ನಾನಿಲ್ಲ. ಎರಡನೇ ವರ್ಷದಲ್ಲಿ ಒಂದು ವಾರ ವಿದೇಶ ಪ್ರವಾಸವಿತ್ತು, ಐಚ್ಛಿಕ, ಎರಡೂವರೆ ಲಕ್ಷ ಬೇರೆ. ಅದನ್ನು ಬಿಟ್ಟೆ. ಪ್ರವಾಸದ ಫೋಟೋಗಳು ಗುಂಪಿನಲ್ಲಿ ಬಂದ ವಾರ ಹೊಟ್ಟೆ ಉರಿಯಿತು ಎನ್ನುವುದೂ ನಿಜ.

ಇದರ ಬೆಲೆ ಕಟ್ಟಿದ್ದು ಅಂಕದಲ್ಲಿ. ಮೊದಲ ಎರಡು ಟರ್ಮಿನಲ್ಲಿ ನಾನು ಕ್ಲಾಸಿನ ಮೇಲಿನ ಹತ್ತರಲ್ಲಿದ್ದವನು, ಕೊನೆಗೆ ನಡುವಿಗೆ ಬಂದೆ. ಮೂರನೇ ಟರ್ಮಿನ ಮಧ್ಯದ ಪರೀಕ್ಷೆ ಮತ್ತು ಒಂದು ದೊಡ್ಡ ರಿಲೀಸು ಒಂದೇ ಶನಿವಾರ ಬಿದ್ದವು. ರಾತ್ರಿಯಿಡೀ ಕಾಲ್‌ನಲ್ಲಿದ್ದು ಬೆಳಿಗ್ಗೆ ಮಾರ್ಕೆಟಿಂಗ್ ಪರೀಕ್ಷೆ ಬರೆದೆ. ಏನು ಬರೆದೆ ಎಂದು ನನಗೆ ಇವತ್ತಿಗೂ ನೆನಪಿಲ್ಲ. ಪಾಸು ಮಾಡಿದರು, ಅಷ್ಟೆ. ಕೋರ್ಸು ಬಿಟ್ಟುಬಿಡೋಣ ಎಂದು ಗಂಭೀರವಾಗಿ ಯೋಚಿಸಿದ್ದು ಆ ವಾರ. ಫೀಸಿನ ಎರಡನೇ ಕಂತು ಕಟ್ಟಿ ಆಗಿತ್ತು. ಕಟ್ಟಿದ ದುಡ್ಡು ಹೇಗೂ ಹೋಯಿತು, ಅದನ್ನು ನೋಡಿ ಮುಂದಿನ ನಿರ್ಧಾರ ಮಾಡಬಾರದು ಎಂದು ಪುಸ್ತಕದಲ್ಲಿ ಬರೆದಿದೆ. ನಾನು ಆ ದುಡ್ಡನ್ನು ನೋಡಿಯೇ ಮುಂದುವರಿಸಿದೆ.

ಒಂದು ಅನಿರೀಕ್ಷಿತ ಒಳ್ಳೆಯದಾಯಿತು. ಸಿಎಐಐಬಿಯ ಒಂದು ಪತ್ರಿಕೆಯಲ್ಲಿ, ಎಬಿಎಫ್‌ಎಂ ಎನ್ನುತ್ತಾರೆ, ಹಣಕಾಸು ನಿರ್ವಹಣೆ ಬರುತ್ತದೆ. ನನಗೆ ಕ್ಲಾಸಿನಲ್ಲಿ ಅರ್ಥವಾಗದೆ ಉಳಿದ ಬಂಡವಾಳ ವೆಚ್ಚದ ಲೆಕ್ಕಗಳೇ ಅವಳ ಪುಸ್ತಕದಲ್ಲೂ ಇದ್ದವು. ರಾತ್ರಿ ಅಡುಗೆಮನೆಯ ಮೇಜಿನ ಮೇಲೆ ಇಬ್ಬರೂ ಕುಳಿತು ಮಾಡತೊಡಗಿದೆವು. ನಾನು ಸೂತ್ರದಿಂದ ಹೊರಡುತ್ತೇನೆ, ಅವಳು ಎದುರಿಗೆ ಸಾಲ ಕೇಳಲು ಬಂದ ಪಾರ್ಟಿಯಿಂದ ಹೊರಡುತ್ತಾಳೆ. 'ಈ ಲಾಭದ ಅಂಕಿಯನ್ನು ಯಾರು ಕೊಟ್ಟದ್ದು? ಅವನೇ ಕೊಟ್ಟದ್ದಲ್ವಾ? ಮತ್ತೆ ಹೇಗೆ ನಂಬುವುದು?' ಎಂಬ ಅವಳ ಪ್ರಶ್ನೆ ನಮ್ಮ ಕ್ಲಾಸಿನಲ್ಲಿ ಯಾರೂ ಕೇಳಿರಲಿಲ್ಲ. ಮುಂದಿನ ಶನಿವಾರ ನಾನು ಕೇಳಿದೆ. ಪ್ರೊಫೆಸರು ಹೊಗಳಿದರು. ಹೆಂಡತಿಯ ಪ್ರಶ್ನೆ ಎಂದು ನಾನು ಹೇಳಲಿಲ್ಲ, ಮನೆಗೆ ಬಂದು ಹೇಳಿದೆ. ಮೊದಲ ಸಲ ಬರೆದಾಗ ಅವಳು ಮೂರು ಪತ್ರಿಕೆ ಪಾಸಾದಳು, ಎರಡು ಉಳಿದವು. ಉಳಿದವುಗಳಲ್ಲಿ ಒಂದು ಇದೇ ಎಬಿಎಫ್‌ಎಂ. ನಾನು ಹೇಳಿಕೊಟ್ಟ ಭಾಗದಲ್ಲೇ ತಪ್ಪಿದ್ದು ಎಂದು ಅವಳ ವಾದ.

ಹಾಗಾದರೆ ಕೊನೆಗೆ ಏನು ಸಿಕ್ಕಿತು ಎಂದು ಹುಡುಗರು ಕೇಳುತ್ತಾರೆ. ಬಡ್ತಿ ಸಿಗಲಿಲ್ಲ. ಡಿಗ್ರಿ ತಂದು ಕೊಟ್ಟ ದಿನ ಮಾನವ ಸಂಪನ್ಮೂಲ ವಿಭಾಗದವರು ಅಭಿನಂದನೆ ಎಂದು ಮೇಲ್ ಮಾಡಿದರು, ಅದಕ್ಕೆ ಹದಿನಾಲ್ಕು ಜನ ಹೆಬ್ಬೆರಳು ಒತ್ತಿದರು. ಆರು ತಿಂಗಳ ಮೇಲೆ ಡೆಲಿವರಿಯಿಂದ ಬೆಲೆ ನಿಗದಿ ಮಾಡುವ ತಂಡಕ್ಕೆ ಬಂದೆ. ಸಂಬಳ ಹೆಚ್ಚಿತು, ಆದರೆ ಹಾಳೆಯಲ್ಲಿ ಬರೆದ ನಾಲ್ಕು ಲಕ್ಷವಲ್ಲ. ಈಗಿನ ಲೆಕ್ಕದಲ್ಲಿ ನನ್ನ ಎನ್‌ಪಿವಿ ಸೊನ್ನೆಯ ಸ್ವಲ್ಪ ಕೆಳಗಿದೆ. ಆದರೆ ಗ್ರಾಹಕನ ಹಣಕಾಸು ಮುಖ್ಯಸ್ಥ ಏನಾದರೂ ಕೇಳಿದಾಗ ಈಗ ನಾನು ಪಕ್ಕದವನ ಮುಖ ನೋಡುವುದಿಲ್ಲ. ಬ್ಯಾಲೆನ್ಸ್ ಶೀಟನ್ನು ಕಥೆಯ ಹಾಗೆ ಓದಲು ಬರುತ್ತದೆ. ಅದಕ್ಕೆ ಹದಿನೆಂಟು ಲಕ್ಷ ಜಾಸ್ತಿಯೇ. ಒಳ್ಳೆಯ ಎರಡು ಪುಸ್ತಕ ಮತ್ತು ಶಿಸ್ತು ಇದ್ದರೆ ಮನೆಯಲ್ಲೇ ಕಲಿಯಬಹುದು. ನನಗೆ ಶಿಸ್ತು ಇರಲಿಲ್ಲ, ಅದನ್ನು ದುಡ್ಡು ಕೊಟ್ಟು ಕೊಂಡೆ.

ಕೇಳುವ ಹುಡುಗರಿಗೆ ಈಗ ನಾನು ಫೀಸಿನ ವಿಷಯ ಆಮೇಲೆ ಮಾತಾಡುತ್ತೇನೆ. ಮೊದಲು ಕೇಳುವುದು, ಶನಿವಾರ ನೀನು ಮನೆಯಲ್ಲಿಲ್ಲದಾಗ ಆ ಕೆಲಸ ಯಾರು ಮಾಡುತ್ತಾರೆ, ಅವರು ಆ ಹೊತ್ತಿನಲ್ಲಿ ಬೇರೇನು ಮಾಡಬೇಕೆಂದಿದ್ದರು, ಅವರನ್ನು ಕೇಳಿದ್ದೀಯಾ ಎಂದು. ಪುಣೆಯ ಒಬ್ಬ ಹುಡುಗ, 'ಅಮ್ಮ ಊರಿನಿಂದ ಬಂದು ಇರುತ್ತಾರೆ ಅಣ್ಣ, ಏನೂ ತೊಂದರೆಯಿಲ್ಲ' ಎಂದ. ಅಮ್ಮ ಹಾಗೆ ಹೇಳಿದರಾ ಎಂದೆ. ಕೇಳಿ ಹೇಳುತ್ತೇನೆ ಎಂದವನು ಇನ್ನೂ ಫೋನ್ ಮಾಡಿಲ್ಲ.

ಇದನ್ನು ಬರೆಯುತ್ತಿರುವುದು ಒಂದು ಭಾನುವಾರ, ಮುಲುಂಡಿನ ಪರೀಕ್ಷಾ ಕೇಂದ್ರದ ಹೊರಗಿನ ಕಟ್ಟೆಯ ಮೇಲೆ ಕುಳಿತು, ಫೋನಿನಲ್ಲಿ. ಅವಳು ಒಳಗೆ ಎಬಿಎಫ್‌ಎಂ ಬರೆಯುತ್ತಿದ್ದಾಳೆ. ಮೊನ್ನೆ ರಾತ್ರಿಯ ಲೆಕ್ಕವನ್ನು ಈ ಸಲ ನಾನು ಹೇಳಿಕೊಟ್ಟಿಲ್ಲ, ಅವಳೇ ನನಗೆ ಹೇಳಿದಳು. ಪರೀಕ್ಷೆ ಮುಗಿಯಲು ಇನ್ನೂ ನಲವತ್ತು ನಿಮಿಷ ಇದೆ. ಮಗ ಹಸಿವು ಎನ್ನುತ್ತಿದ್ದಾನೆ. ರಸ್ತೆಯ ಆಚೆ ಒಂದು ಉಡುಪಿ ಹೋಟೆಲ್ ಇದೆ, ಆದರೆ ಬಾಗಿಲಲ್ಲಿ ಜನ ನಿಂತಿದ್ದಾರೆ. ಅವನು ನಿಂತವರ ತಲೆ ಎಣಿಸುತ್ತಿದ್ದಾನೆ, ಹದಿನಾರು ಎಂದ. ಅಮ್ಮ ಬಂದ ಮೇಲೆ ಹೋಗೋಣ ಎಂದೆ.